ಮನೆ ಕಂಪ್ಯೂಟರಿಗೆ ಇಂಟರ್ನಲ್ ಹಾರ್ಡ್‌ಡಿಸ್ಕ್ ಹಾಕಿಸಲೋ, ಎಕ್ಸ್‌ಟರ್ನಲ್ ತಗೊಳ್ಳಲೋ?

ಕೌಲ್‌ಬಜಾರ್_ಮನೆ

ಬಳ್ಳಾರಿಯಿಂದ ನಮಸ್ಕಾರ. ಮನೆಯಲ್ಲಿರೋದು ಡೆಸ್ಕ್‌ಟಾಪ್: ಇಂಟೆಲ್ ಐ3 6100, ಎಚ್110 ಚಿಪ್‌ಸೆಟ್‌ನ ಬೋರ್ಡ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಒಳಗೆ 3.5 ಇಂಚಿನ 500 ಜಿಬಿ ಹಾರ್ಡ್‌ಡಿಸ್ಕ್ ಒಂದೇ, ಅದೂ ಈಗ ತುಂಬೋದಕ್ಕೆ ಬಂದೈತಿ. ಸುಮಾರು 300 ಜಿಬಿ ಬರೀ ಫೋಟೊ, ಮದುವೆ, ಗೃಹಪ್ರವೇಶದ ವಿಡಿಯೊ. ಹೊಲದ ಪಹಣಿ, ಕ್ರಯಪತ್ರದ ಸ್ಕ್ಯಾನ್, ನುಡಿಯಲ್ಲಿ ಟೈಪ್ ಮಾಡಿದ ಕಾಗದಪತ್ರ, ಮಕ್ಕಳ ಪ್ರಾಜೆಕ್ಟ್ ಎಲ್ಲಾ ಅದರಾಗೇ. ಬೇರೆ ಎಲ್ಲೂ ಕಾಪಿ ಇಲ್ಲ. ವರ್ಷಕ್ಕೆ 60–70 ಜಿಬಿ ಸೇರ್ತಾ ಹೋಗುತ್ತೆ.

ಬೋರ್ಡಿನಲ್ಲಿ ಎಂ.2 ಸ್ಲಾಟ್ (ಕಡ್ಡಿಯಂಥ ಎಸ್‌ಎಸ್‌ಡಿ ಕೂರಿಸೋ ಜಾಗ) ಇಲ್ಲ. ಸಾಟಾ ಪೋರ್ಟ್ (ಒಳಗಿನ ಡಿಸ್ಕಿನ ವೈರು ಹಚ್ಚೋ ಜಾಗ) ನಾಲ್ಕು ಅವೆ. ಹಿಂದೆ ನೀಲಿ ಯುಎಸ್‌ಬಿ ಎರಡು, ಮುಂದೆ ಕಪ್ಪು ಎರಡು.

ಒಳಗೇ 2 ಟಿಬಿ ಡಿಸ್ಕ್ ಹಾಕಿಸಿಬಿಡಬೇಕೋ, ಅಥವಾ ಎಕ್ಸ್‌ಟರ್ನಲ್ ತಗೊಂಡು ಹಳೇ ವಿಡಿಯೊ ಎಲ್ಲಾ ಅದಕ್ಕೆ ಸರಿಸಿ ಜಾಗ ಮಾಡ್ಕೋಬೇಕೋ? ಎಕ್ಸ್‌ಟರ್ನಲ್ ಆದ್ರೆ ಟಿವಿಗೂ ಹಚ್ಚಬಹುದು ಅಂತ ಮನೆಯವರ ಆಸೆ. ಎರಡೂ ಒಮ್ಮೆಗೇ ಕೊಳ್ಳೋಕೆ ಆಗಲ್ಲ, ಹಾಗಾಗಿ ಮೊದಲು ಯಾವುದು ಅನ್ನೋದೂ ಹೇಳ್ರಿ. ಬೇಸಿಗೆಯಾಗ ರೂಮು ಸುಡುತ್ತೆ, ಕರೆಂಟ್ ಹೋಗಿ ಬಂದು ಮಾಡುತ್ತೆ, ಕ್ಯಾಬಿನೆಟ್ ಮುಟ್ಟಿದ್ರೆ ಒಮ್ಮೊಮ್ಮೆ ಜುಮ್ ಅನ್ನುತ್ತೆ. ಇದನ್ನೂ ಲೆಕ್ಕಕ್ಕೆ ಹಿಡೀರಿ.

ಗಂಗಾವತಿ_ಸರ್ವಿಸ್

ಅಣ್ಣಾ, ಒಳಗಿಂದೋ ಹೊರಗಿಂದೋ ಅನ್ನೋಕಿಂತ ಮೊದ್ಲು ಈಗಿರೋ ಡಿಸ್ಕ್ ಯಾವ ಸ್ಥಿತಿಯಾಗ ಐತಿ ನೋಡ್ರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ. ಅದರಾಗ 05, ಸಿ5, ಸಿ6, ಸಿ7 ಈ ನಾಲ್ಕು ಸಾಲಿನ ಕೊನೆಯ ಅಂಕಿ, ಮತ್ತೆ ಟೆಂಪರೇಚರ್, ಪವರ್ ಆನ್ ಅವರ್ಸ್ ಇಲ್ಲಿ ಬರೀರಿ. ಒಂದು ಮಾತು: ಆ ಸಾಫ್ಟ್‌ವೇರ್ ಕೊನೆಯ ಅಂಕಿನ ಹೆಕ್ಸಾಡೆಸಿಮಲ್‌ನಾಗ ತೋರಿಸ್ತೈತಿ. ಅಲ್ಲಿ 10 ಅಂತ ಇದ್ರೆ ಅದು ಹತ್ತಲ್ಲ, ಹದಿನಾರು. ಫಂಕ್ಷನ್ ಮೆನುವಿನಾಗ ಅಡ್ವಾನ್ಸ್‌ಡ್ ಫೀಚರ್, ಅದರೊಳಗ ರಾ ವ್ಯಾಲ್ಯೂಸ್‌ಗೆ ಹೋಗಿ ಡೆಸಿಮಲ್ ಮಾಡ್ಕೊಂಡ್ರೆ ಗೊಂದಲ ಇರಲ್ಲ.

ಈಗ ಎಕ್ಸ್‌ಟರ್ನಲ್ ವಿಷಯ. ಅದರಾಗ ಎರಡು ಜಾತಿ ಐತಿ. 2.5 ಇಂಚಿನ ಪೋರ್ಟಬಲ್ ಯುಎಸ್‌ಬಿ ವೈರಿನ 5 ವೋಲ್ಟಿನ ಮ್ಯಾಲೇ ನಡೀತೈತಿ. 3.5 ಇಂಚಿಂದಕ್ಕೆ 12 ವೋಲ್ಟ್ ಬೇಕು, ಅದಕ್ಕೇ ಬ್ಯಾರೆ ಅಡಾಪ್ಟರ್ ಕೊಟ್ಟಿರ್ತಾರ. ಮನೆಗೆ ಪೋರ್ಟಬಲ್ ಸಾಕು. ಆದ್ರೆ ಮುಂದಿನ ಪೋರ್ಟಿಗೆ ಹಚ್ಚಬ್ಯಾಡ್ರಿ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದ್ದು 500 ಮಿಲಿಆಂಪ್, ನೀಲಿ 3.0 ಪೋರ್ಟು 900. ಡೇಟಾ ಇರೋ ಒಳಗಿನ ತಟ್ಟೆ ತಿರುಗೋಕೆ ಶುರುವಾಗೋ ಕ್ಷಣಕ್ಕೆ ಡಿಸ್ಕ್ ಇದರ ಹತ್ತತ್ರ, ಕೆಲವೊಮ್ಮೆ ಜಾಸ್ತಿನೇ ಎಳೀತೈತಿ. ಮುಂದಿನ ಪೋರ್ಟಿಗೆ ಕ್ಯಾಬಿನೆಟ್ ಒಳಗ ತೆಳ್ಳನೆ ವೈರು ಹಾದು ಬಂದಿರ್ತೈತಿ, ವೋಲ್ಟೇಜ್ ಅಲ್ಲೇ ಸೋರಿ ಹೋಗ್ತೈತಿ. ಆಗ ಟಿಕ್ ಟಿಕ್ ಸದ್ದು ಮಾಡಿ ಡಿಸ್ಕ್ ಕಾಣ್ತೈತಿ, ಮಾಯ ಆಗ್ತೈತಿ. ಡಿಸ್ಕ್ ಕೆಟ್ಟೈತಿ ಅಂತ ಅಂಗಡಿಗೆ ತರೋ ಎಷ್ಟೋ ಪೋರ್ಟಬಲ್‌ಗಳಿಗೆ ಹಿಂದಿನ ಪೋರ್ಟು, ಹೊಸ ಗಿಡ್ಡ ಕೇಬಲ್ ಇಷ್ಟೇ ಮದ್ದು. ಎಕ್ಸ್‌ಟೆನ್ಷನ್ ವೈರು ಹಾಕಲೇಬ್ಯಾಡ್ರಿ.

ಇನ್ನೊಂದು ತಿಳ್ಕೊಂಡು ಕೊಳ್ರಿ. ಹಲವು ಪೋರ್ಟಬಲ್‌ಗಳ ಒಳಗ ಸಾಟಾ ಕನೆಕ್ಟರೇ ಇರಲ್ಲ, ಯುಎಸ್‌ಬಿ ಸಾಕೆಟ್ಟನ್ನ ನೇರ ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರ್ತಾರ. ಸಾಕೆಟ್ ಅಲ್ಲಾಡಿ ಕಿತ್ತು ಬಂದ್ರೆ ಡಬ್ಬಿ ಬಿಚ್ಚಿ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಹಚ್ಚೋಣ ಅನ್ನೋ ದಾರಿ ಇರಲ್ಲ. ಕೆಲವು ಮಾದರಿಯಾಗ ನೀವು ಪಾಸ್‌ವರ್ಡ್ ಹಾಕದಿದ್ರೂ ಬೋರ್ಡೇ ಡೇಟಾನ ಎನ್‌ಕ್ರಿಪ್ಟ್ ಮಾಡಿ ಬರೀತೈತಿ, ಬೋರ್ಡ್ ಹೋದ್ರೆ ತಟ್ಟೆ ಮ್ಯಾಲಿಂದು ಓದೋಕೇ ಬರಲ್ಲ. ಒಳಗಿನ ಡಿಸ್ಕಿಗೆ ಈ ತೊಂದರೆ ಇಲ್ಲ: ಸಾಟಾ ವೈರು ಹೋದ್ರೆ ಇನ್ನೊಂದು ವೈರು, ಕಂಪ್ಯೂಟರ್ ಹೋದ್ರೆ ಇನ್ನೊಂದು ಕಂಪ್ಯೂಟರ್.

ಕೋಟೆಬೆಟ್ಟ

ನಿಮ್ಮ ಪ್ರಶ್ನೆಯಲ್ಲಿ "ಹಳೇ ವಿಡಿಯೊ ಸರಿಸಿ ಜಾಗ ಮಾಡ್ಕೊಳ್ಳೋದು" ಅಂತ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ಕಟ್ ಮಾಡಿ ಎಕ್ಸ್‌ಟರ್ನಲ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಮೊದಲೂ ಒಂದೇ ಪ್ರತಿ ಇತ್ತು, ಆಮೇಲೂ ಒಂದೇ ಪ್ರತಿ. ಅದೂ ಕೈಜಾರಿ ಬೀಳಬಹುದಾದ, ಟಿವಿಗೆ, ನೆಂಟರ ಲ್ಯಾಪ್‌ಟಾಪಿಗೆ ಓಡಾಡುವ ಡಿಸ್ಕಿನಲ್ಲಿ.

ದಿನದ ಕೆಲಸಕ್ಕೆ ಒಳಗಿನ ಡಿಸ್ಕ್, ಎರಡನೇ ಪ್ರತಿಗೆ ಹೊರಗಿನದು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ಹಾಗಾಗಿ ಇವೆರಡರ ನಡುವೆ ಪೈಪೋಟಿಯೇ ಇಲ್ಲ.

ವೇಗದ ಲೆಕ್ಕ ಹೇಳುತ್ತೇನೆ. 3.5 ಇಂಚಿನ ಒಳಗಿನ ಹಾರ್ಡ್‌ಡಿಸ್ಕ್ ದೊಡ್ಡ ಫೈಲುಗಳನ್ನು ಸೆಕೆಂಡಿಗೆ 150–200 ಎಂಬಿಯಂತೆ ಓದುತ್ತದೆ. ಪೋರ್ಟಬಲ್ ಹಾರ್ಡ್‌ಡಿಸ್ಕ್ ನೀಲಿ ಪೋರ್ಟಿನಲ್ಲಿ 100–130, ಕಪ್ಪು 2.0 ಪೋರ್ಟಿನಲ್ಲಿ 30–40. ನಿಮ್ಮ 300 ಜಿಬಿ ನೀಲಿ ಪೋರ್ಟಿನಲ್ಲಿ ಮುಕ್ಕಾಲು ಗಂಟೆ, ಕಪ್ಪಿನಲ್ಲಿ ಎರಡೂಕಾಲು ಗಂಟೆಗೂ ಮೇಲೆ. ಸಣ್ಣ ಫೋಟೊಗಳು ಸಾವಿರಾರು ಇದ್ದರೆ ಎರಡೂ ಕಡೆ ಇನ್ನೂ ನಿಧಾನ. ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) 500ರ ಮೇಲೆ ಹೋಗುತ್ತದೆ. ಆದರೆ ಎಸ್‌ಎಸ್‌ಡಿಯ ನಿಜವಾದ ಲಾಭ ಅಲ್ಲಿಲ್ಲ. ವಿಂಡೋಸ್ ಏಳುವಾಗ ಡಿಸ್ಕಿನ ಮೂಲೆ ಮೂಲೆಯಿಂದ ಸಾವಿರಾರು ಸಣ್ಣ ಚೂರು ಓದಬೇಕು. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡಿಸ್ಕಿನಲ್ಲಿ ಅರ್ಧ ಸುತ್ತಿಗೇ ಸುಮಾರು 4 ಮಿಲಿಸೆಕೆಂಡ್ ಬೇಕು, ಓದುವ ಹೆಡ್ ಸರಿಯಲು ಇನ್ನೊಂದು 8–9. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 80 ಚೂರು. ಎಸ್‌ಎಸ್‌ಡಿಗೆ ಇದೇ ಕೆಲಸ ಹತ್ತಾರು ಸಾವಿರ. ಐ3 6100 ಇವತ್ತಿಗೂ ಮನೆ ಕೆಲಸಕ್ಕೆ ಸಾಕು, ಅದು ತೆವಳುತ್ತಿರುವುದು ಡಿಸ್ಕಿನಿಂದ.

ಆದ್ದರಿಂದ ಒಳಗೆ 2.5 ಇಂಚಿನ 1 ಟಿಬಿ ಸಾಟಾ ಎಸ್‌ಎಸ್‌ಡಿ. 1 ಟಿಬಿ ಅಂದರೆ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತದೆ, ಮೋಸವಲ್ಲ, ಎಣಿಸುವ ಕ್ರಮ ಬೇರೆ. ವಿಂಡೋಸ್ ಮತ್ತು ಸಾಫ್ಟ್‌ವೇರಿಗೆ 100, ನಿಮ್ಮ ಈಗಿನ ಫೈಲು 300, ಖಾಲಿ ಬಿಡಬೇಕಾದ್ದು 100 ಕಳೆದರೂ ಆರು ವರ್ಷಕ್ಕೆ ಜಾಗ ಉಳಿಯುತ್ತದೆ. ಕೊಳ್ಳುವಾಗ 2.5 ಇಂಚು, ಸಾಟಾ ಅಂತ ಬಾಯಿಬಿಟ್ಟು ಹೇಳಿ. ಎಂ.2 ಕೊಟ್ಟರೆ ನಿಮ್ಮ ಬೋರ್ಡಿನಲ್ಲಿ ಕೂರಿಸಲು ಜಾಗವೇ ಇಲ್ಲ.

ಹೊರಗೆ 2 ಟಿಬಿ ಪೋರ್ಟಬಲ್ ಹಾರ್ಡ್‌ಡಿಸ್ಕ್. ಬ್ಯಾಕಪ್ ಡಿಸ್ಕ್ ಮೂಲದ ಎರಡರಷ್ಟಿದ್ದರೆ ಅಳಿಸಿಹೋದ ಫೈಲುಗಳ ಹಳೇ ಪ್ರತಿಯನ್ನೂ ಇಟ್ಟುಕೊಳ್ಳಬಹುದು. ಟಿವಿಗೆ ಈ ಡಿಸ್ಕ್ ಬೇಡವೇ ಬೇಡ. ಹಲವು ಟಿವಿಗಳು ರೆಕಾರ್ಡಿಂಗ್ ಅಂತ ಒತ್ತಿದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಮಕ್ಕಳು ಓಕೆ ಒತ್ತಿದರೆ ಮುಗಿಯಿತು. ಟಿವಿಗೆ 64 ಜಿಬಿ ಪೆನ್‌ಡ್ರೈವ್ ಇಟ್ಟು ಮದುವೆ ವಿಡಿಯೊ ಅದಕ್ಕೆ ಹಾಕಿಕೊಡಿ. ಅದು ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿ, ಟಿವಿ ಯಾವುದನ್ನು ಓದುತ್ತದೆಯೋ ಅದು.

ಕೌಲ್‌ಬಜಾರ್_ಮನೆ

ನೋಡಿದೆ. 05: 0. ಸಿ5: 10. ಸಿ6: 10. ಸಿ7: ಡಿ6. ಇವು ಹೆಕ್ಸಾಡೆಸಿಮಲ್‌ನಲ್ಲೇ ಇರೋವು. ಟೆಂಪರೇಚರ್ 51. ಪವರ್ ಆನ್ ಅವರ್ಸ್ 21 ಸಾವಿರದ ಮೇಲೆ. ಮೇಲೆ ಹಳದಿ ಬಣ್ಣದಲ್ಲಿ ಕಾಷನ್ ಅಂತ ತೋರಿಸ್ತಾ ಐತಿ. ಇದು ವಿಂಡೋಸ್‌ನ ಡಿಸ್ಕ್ ತಪಾಸಣೆ, ಚೆಕ್‌ಡಿಸ್ಕ್, ಹಾಕಿದ್ರೆ ಸರಿ ಹೋಗುತ್ತಾ?

ಗಂಗಾವತಿ_ಸರ್ವಿಸ್

ಚೆಕ್‌ಡಿಸ್ಕ್ ಈಗ ಹಾಕಬ್ಯಾಡ್ರಿ. ಡಿಫ್ರ್ಯಾಗೂ ಬ್ಯಾಡ. ಮೊದ್ಲು ಕಾಪಿ.

ಸಿ5 ಅಂದ್ರೆ ಓದೋಕೆ ಹೋಗಿ ಓದೋಕಾಗದೆ ಬಾಕಿ ಬಿದ್ದಿರೋ ಸೆಕ್ಟರ್ (ಡಿಸ್ಕಿನ ಸಣ್ಣ ಖಾನೆ). ನಿಮ್ಮಲ್ಲಿ ಹದಿನಾರು. ಸಿ6 ಅಂದ್ರೆ ಡಿಸ್ಕ್ ತಾನೇ ತಪಾಸಣೆ ಮಾಡಿದಾಗ ಓದೋಕಾಗದ ಸೆಕ್ಟರ್, ಅದೂ ಹದಿನಾರು. ಆ ಜಾಗದ ಮ್ಯಾಲೆ ಮತ್ತೆ ಬರೆದಾಗ ಸರಿ ಅನ್ನಿಸಿದ್ರೆ ಲೆಕ್ಕದಿಂದ ಬಿಡ್ತೈತಿ, ಇಲ್ಲಾಂದ್ರೆ ಬದಲಿ ಸೆಕ್ಟರ್ ಕೊಟ್ಟು 05ರ ಲೆಕ್ಕಕ್ಕೆ ಸೇರಿಸ್ತೈತಿ. ಹದಿನಾರೇ ಅಂತ ಸುಮ್ಮನೆ ಕೂಡೋ ಹಂಗಿಲ್ಲ, ಒಂದು ಸಲ ಶುರುವಾದ್ರೆ ಏರೋದೇ ಹೆಚ್ಚು. ಸಿ7 ಡಿ6 ಅಂದ್ರೆ 214, ಅದು ಬೋರ್ಡಿಗೂ ಡಿಸ್ಕಿಗೂ ನಡುವಿನ ವೈರಿನ ತಪ್ಪು. ಸಾಟಾ ಕೇಬಲ್ ಸಡಿಲ ಇದ್ರೆ, ಮಡಚಿ ಮುರಿದಿದ್ರೆ ಏರ್ತೈತಿ. ಈ ಲೆಕ್ಕ ಯಾವತ್ತೂ ಇಳಿಯಲ್ಲ, ಕೇಬಲ್ ಬದಲಿಸಿದ ಮ್ಯಾಲೆ 214ಕ್ಕೇ ನಿಂತ್ರೆ ಆ ರೋಗ ಹೋತು ಅಂತ ಅರ್ಥ.

ಹಂಗಾಗಿ ಮೊದಲು ಯಾವುದು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ತು: ಎಕ್ಸ್‌ಟರ್ನಲ್. ಎಸ್‌ಎಸ್‌ಡಿ ಮುಂದಿನ ತಿಂಗಳು ತಗೋರಿ, ಕಂಪ್ಯೂಟರ್ ನಿಧಾನ ಆದ್ರೆ ಯಾರೂ ಅಳಲ್ಲ.

ಕಾಪಿ ಮಾಡೋ ಕ್ರಮ ಹಿಂಗೆ. ಇವತ್ತೇ, ಎಕ್ಸ್‌ಟರ್ನಲ್ ಬರೋಕಿಂತ ಮೊದ್ಲೇ, ಪಹಣಿ, ಕ್ರಯಪತ್ರ, ನುಡಿ ಫೈಲು ಒಂದು ಪೆನ್‌ಡ್ರೈವ್‌ಗೆ ಹಾಕ್ರಿ. ಗೂಗಲ್ ಡ್ರೈವ್‌ನಾಗ 15 ಜಿಬಿ ಪುಕ್ಕಟೆ ಐತಿ, ಕಾಗದಪತ್ರಕ್ಕೆ ಅದು ಬೇಕಾದಷ್ಟಾತು, ಅಲ್ಲಿಗೂ ಏರಿಸ್ರಿ. ಅದಾದ ಮ್ಯಾಲೆ ಕಂಪ್ಯೂಟರ್ ಬಂದ್ ಮಾಡಿ ಇಡ್ರಿ, ಸಿನಿಮಾ ನೋಡೋದು, ಗೇಮ್ ಆಡೋದು ಎಲ್ಲಾ ನಿಲ್ಲಿಸ್ರಿ. ಡಿಸ್ಕ್ ಬಂದ ಮ್ಯಾಲೆ ಫೋಟೊ ಮೊದ್ಲು, ವರ್ಷವಾರು ಫೋಲ್ಡರ್ ಒಂದೊಂದೇ. ಎಲ್ಲಾನೂ ಒಮ್ಮೆಗೆ ಎಳೆದು ಬಿಟ್ರೆ ನಡುವೆ ಎಲ್ಲಿ ನಿಂತಿತು ಅಂತ ಹುಡುಕೋದೇ ಕೆಲಸ ಆಗ್ತೈತಿ. ವಿಡಿಯೊ ಕೊನೆಗೆ. ಸೈಕ್ಲಿಕ್ ರಿಡಂಡನ್ಸಿ ಚೆಕ್ ಅಂತ ತಪ್ಪು ತೋರಿಸಿದ್ರೆ ಆ ಫೈಲನ್ನ ಸ್ಕಿಪ್ ಮಾಡಿ ಮುಂದಕ್ಕೆ ಹೋಗ್ರಿ, ಹೆಸರು ಬರೆದಿಟ್ಕೋರಿ. ಅದಕ್ಕೇ ಜೋತುಬಿದ್ದು ಹತ್ತು ಸಲ ಟ್ರೈ ಮಾಡಿದ್ರೆ ಹೆಡ್ ಅದೇ ಜಾಗದಾಗ ಒದ್ದಾಡ್ತೈತಿ, ಚೆಂದ ಇರೋ ಫೈಲೂ ಹೋಗ್ತಾವ. ಕಾಪಿ ಮಾಡುವಾಗ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಬಿಟ್ರೆ ಒಳ್ಳೇದು.

ನಡುವೆ ಕಟಕಟ ಅಂತ ಒಂದೇ ತಾಳಕ್ಕೆ ಸದ್ದು ಬಂದ್ರೆ ಪವರ್ ತೆಗೀರಿ, ಮತ್ತೆ ಹಚ್ಚಬ್ಯಾಡ್ರಿ. ಅಲ್ಲಿಂದ ಮುಂದೆ ಅದು ರಿಕವರಿ ಮಾಡೋರ ಕೆಲಸ. ಫ್ರಿಜ್ಜಿನಾಗ ಇಡೋದು, ಮುಚ್ಚಳ ಬಿಚ್ಚೋದು ಇವೆಲ್ಲ ಮಾಡಿದ್ರೆ ಅವರ ಕೈಯಾಗೂ ಉಳಿಯಲ್ಲ.

ಕೃಷ್ಣಾತೀರ

ರಾಯಚೂರಿನಿಂದ. ಡಿಸ್ಕ್ ವಿಷಯ ಇಬ್ಬರೂ ಹೇಳ್ಯಾರ. ಬಿಸಿಲು, ಕರೆಂಟ್, ಅರ್ಥಿಂಗ್ ವಿಷಯ ನಾ ಹೇಳ್ತೀನಿ. ನಮ್ಮ ಕಡೆ ಡಿಸ್ಕ್ ಹಾಳಾಗೋದ್ರಾಗ ಇವುಗಳ ಪಾಲು ಸಣ್ಣದಲ್ಲ.

ಪೋರ್ಟಬಲ್ ಡಿಸ್ಕಿನ ಸ್ಪೆಸಿಫಿಕೇಷನ್ ಓದಿದ್ರ ಬಹಳಷ್ಟಕ್ಕ ಸುತ್ತಲಿನ ಗಾಳಿ 5ರಿಂದ 35 ಡಿಗ್ರಿ ಇರಬೇಕು ಅಂತ ಇರ್ತದ. ಏಪ್ರಿಲ್–ಮೇದಾಗ ಬಳ್ಳಾರಿ, ರಾಯಚೂರು ಹೊರಗ 40 ದಾಟ್ತಾವ, ಆರ್‌ಸಿಸಿ ಮಾಳಿಗೆ ಕೆಳಗಿನ ರೂಮು ಮಧ್ಯಾಹ್ನ 35ಕ್ಕಿಂತ ಕೆಳಗ ಇರೋದೇ ಇಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗ ಫ್ಯಾನ್ ಇಲ್ಲ, ಕಿಂಡಿ ಇಲ್ಲ. ಗಂಟೆಗಟ್ಟಲೆ ಕಾಪಿ ಹಾಕಿದ್ರ ಡಿಸ್ಕ್ ರೂಮಿಗಿಂತ ಎಷ್ಟೋ ಮ್ಯಾಲೆ ಏರ್ತದ. ಅದಕ್ಕ ಬೇಸಿಗ್ಯಾಗ ಬ್ಯಾಕಪ್ ಬೆಳಗಿನ ಜಾವ ಮಾಡ್ರಿ. ಡಿಸ್ಕನ್ನ ಸಿಪಿಯು ಮ್ಯಾಲೆ ಇಡಬ್ಯಾಡ್ರಿ, ಬಟ್ಟೆ ಮ್ಯಾಲೆ ಅಂತೂ ಬ್ಯಾಡೇ ಬ್ಯಾಡ. ಕಡಪಾ ಕಲ್ಲು ಇಲ್ಲಾ ಸ್ಟೀಲ್ ತಟ್ಟೆ ಮ್ಯಾಲೆ ಇಟ್ರ ಬಿಸಿ ಬೇಗ ಇಳೀತದ. ಮುಗೀತಂದ್ರ ಇಜೆಕ್ಟ್ ಮಾಡಿ ತೆಗೆದು ಅಲಮಾರಿಯಾಗ ಇಡ್ರಿ. ಸದಾ ಹಚ್ಚೇ ಬಿಡೋದು ಬಿಸಿಗೂ ಒಳ್ಳೇದಲ್ಲ, ವೈರಸ್‌ಗೂ ಒಳ್ಳೇದಲ್ಲ. ಫೈಲು ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದ್ರ ಹಚ್ಚಿದ್ದ ಡಿಸ್ಕನ್ನೂ ಸೇರಿಸೇ ಲಾಕ್ ಮಾಡ್ತದ.

ಒಳಗಿನ 51 ಡಿಗ್ರಿಗೂ ಕಾರಣ ಹುಡುಕ್ರಿ. ಡಿಸ್ಕಿನ ಮಿತಿ ಸಾಮಾನ್ಯವಾಗಿ 60, ಆದ್ರ 45ರ ಆಸುಪಾಸು ಇಡೋದು ಲೇಸು. ಮುಂದೆ 120 ಮಿಲಿಮೀಟರ್ ಫ್ಯಾನ್ ಇಲ್ಲದ ಕ್ಯಾಬಿನೆಟ್ ಆದ್ರ ಒಂದು ಹಾಕಿಸ್ರಿ, ಗಾಳಿ ಒಳಗ ಎಳೆಯೋ ಹಂಗ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿ ಓಡೋ ರಸ್ತೆ ಬದಿಯ ಮನೆಯಾದ್ರ ಕೆಂಪು ಧೂಳು ಎರಡು ತಿಂಗಳಿಗೇ ಫ್ಯಾನಿಗೆ ಮೆತ್ತಿಕೊಂಡಿರ್ತದ. ಬ್ಲೋವರ್ ಹೊಡೆಯೋವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡೀರಿ, ಹಂಗೇ ಬಿಟ್ರ ಅತಿ ವೇಗಕ್ಕ ತಿರುಗಿ ಬೇರಿಂಗ್ ಹೋಗ್ತದ. ಹಾರ್ಡ್‌ಡಿಸ್ಕ್ ಮ್ಯಾಲೆ ಉಸಿರಾಟಕ್ಕ ಒಂದು ಸಣ್ಣ ತೂತು ಇರ್ತದ, ಅದಕ್ಕ ನೇರ ಗಾಳಿ ಹೊಡೀಬ್ಯಾಡ್ರಿ, ಸ್ಟಿಕ್ಕರೂ ಅಂಟಿಸಬ್ಯಾಡ್ರಿ.

ಕರೆಂಟ್ ವಿಷಯ. 600 ವಿಎ ಯುಪಿಎಸ್ ನಿಮ್ಮ ಡೆಸ್ಕ್‌ಟಾಪ್, ಮಾನಿಟರ್ ಎರಡಕ್ಕೂ ಫೈಲ್ ಉಳಿಸಿ ಬಂದ್ ಮಾಡೋ ಅಷ್ಟು ಹೊತ್ತು ಕೊಡ್ತದ. ಅಡಾಪ್ಟರ್ ಇರೋ 3.5 ಇಂಚಿನ ಎಕ್ಸ್‌ಟರ್ನಲ್ ತಂದ್ರ ಅದರ ಅಡಾಪ್ಟರನ್ನೂ ಯುಪಿಎಸ್ ಸಾಕೆಟ್ಟಿಗೇ ಹಾಕ್ರಿ. ಗೋಡೆಗೆ ಹಾಕಿದ್ರ ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮ್ಯಾಲೆ ನಡೀತಿರ್ತದ, ಡಿಸ್ಕ್ ಮಾತ್ರ ಬರೆಯೋದರ ನಡುವೆಯೇ ಸಾಯ್ತದ. ಪೋರ್ಟಬಲ್ ಆದ್ರ ಈ ಚಿಂತಿ ಇಲ್ಲ, ಪವರ್ ಕಂಪ್ಯೂಟರಿನಿಂದಲೇ. ಮನೆಗೆ ಇನ್ವರ್ಟರ್ ಅದ, ಯುಪಿಎಸ್ ಯಾಕ ಅಂತಾರ. ಇನ್ವರ್ಟರಿನ ಹಿಂದ ಯುಪಿಎಸ್, ನಾರ್ಮಲ್ ಅಂತ ಎರಡು ಮೋಡ್ ಇದ್ರ ಯುಪಿಎಸ್ ಮೋಡಿಗೆ ಇಡ್ರಿ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಡಬ್ಬಿ) ಕರೆಂಟ್ ಇಲ್ಲದೆ ತಡೆಯೋದು 16 ಮಿಲಿಸೆಕೆಂಡ್ ಆಸುಪಾಸು. ನಾರ್ಮಲ್ ಮೋಡಿನಾಗ ಬದಲಾಗೋಕೆ ಅದಕ್ಕಿಂತ ಜಾಸ್ತಿ ಹಿಡಿದ್ರ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತದ.

ಜುಮ್ ಅನ್ನೋದು ಅರ್ಥಿಂಗ್ ಇಲ್ಲದ್ದಕ್ಕ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನ ತಗಡಿಗೆ ಬಿಡ್ತಾವ, ಅದು ಅರ್ಥ್ ವೈರಿನಾಗ ಹೋಗಬೇಕು. ವೈರು ಇಲ್ಲಂದ್ರ ತಗಡಿನ ಮ್ಯಾಲೇ ನಿಲ್ತದ, ನೀವು ಬ್ಯಾರೆ ಸಾಮಾನು ಯುಎಸ್‌ಬಿಗೆ ಚುಚ್ಚುವಾಗ ಅದರ ಮೂಲಕ ಇಳೀಬಹುದು. ಮಲ್ಟಿಮೀಟರ್ ಎಸಿಗೆ ಇಟ್ಟು ಮೂರು ಪಿನ್ನಿನ ಸಾಕೆಟ್ಟಿನಾಗ ಎಲೆಕ್ಟ್ರಿಷಿಯನ್ ಕೈಲಿ ನೋಡಿಸ್ರಿ: ಫೇಸ್–ನ್ಯೂಟ್ರಲ್ 230, ಫೇಸ್–ಅರ್ಥ್ ಹತ್ತತ್ರ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗ. ಬೇಸಿಗ್ಯಾಗ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿರ್ತದ, ವಾರಕ್ಕೊಮ್ಮೆ ನೀರು ಹಾಕ್ರಿ. ಇದು ಸರಿ ಆಗೋ ತನಕ ಡಿಸ್ಕ್ ಹಚ್ಚೋದು, ತೆಗೆಯೋದು ಹುಷಾರಿನಿಂದ ಮಾಡ್ರಿ.

ಗಂಗಾವತಿ_ಸರ್ವಿಸ್

ಕೋಟೆಬೆಟ್ಟ ಅವರು 1 ಟಿಬಿ ಎಸ್‌ಎಸ್‌ಡಿ ಅಂದ್ರು. ಅಷ್ಟು ದುಡ್ಡು ಹಾಕೋಕಿಂತ ವಿಂಡೋಸಿಗೆ 250 ಜಿಬಿ ಎಸ್‌ಎಸ್‌ಡಿ, ಫೋಟೊ ವಿಡಿಯೊಗೆ 2 ಟಿಬಿ 3.5 ಇಂಚಿನ ಇಂಟರ್ನಲ್ ಹಾರ್ಡ್‌ಡಿಸ್ಕ್ ಹಾಕಿದ್ರೆ ಜಾಗ ಎರಡರಷ್ಟು ಸಿಗ್ತೈತಿ. ಸಿಂಧನೂರು, ಗಂಗಾವತಿಯಂಥ ಊರಾಗ ಡೆಸ್ಕ್‌ಟಾಪ್ ಡಿಸ್ಕ್ ಸಿಗದಿದ್ರೂ ಸಿಸಿಟಿವಿ ಅಂಗಡಿಯಾಗ ಸ್ಕೈಹಾಕ್, ಪರ್ಪಲ್ ಸಿಗ್ತಾವ. ಅವು ಇಡೀ ದಿನ ಬರೆಯೋಕಂತ ಮಾಡಿದ ಡಿಸ್ಕು, ಕಂಪ್ಯೂಟರಿನಾಗ ಮಾಮೂಲಿ ಡಿಸ್ಕಿನಂಗೇ ನಡೀತಾವ. ವಾರಂಟಿ ಮೂರು ವರ್ಷ, ಡೆಸ್ಕ್‌ಟಾಪ್ ಡಿಸ್ಕಿಗೆ ಎರಡು.

ಕೋಟೆಬೆಟ್ಟ

ಜಾಗದ ಲೆಕ್ಕ ಸರಿ, ಒಪ್ಪುತ್ತೇನೆ. ಆದರೆ ಇವರ ಕ್ಯಾಬಿನೆಟ್ಟಿನಲ್ಲಿ ಒಂದೇ ಡಿಸ್ಕ್ 51 ಡಿಗ್ರಿಯಲ್ಲಿದೆ. ಇನ್ನೊಂದು ತಿರುಗುವ ಡಿಸ್ಕ್ ಅಂದರೆ ಇನ್ನೊಂದು 5–8 ವ್ಯಾಟ್ ಬಿಸಿ, ಇನ್ನೊಂದು ಕಂಪನ. ಎಸ್‌ಎಸ್‌ಡಿಗೆ ಎರಡು ಮೂರು ವ್ಯಾಟ್ ಸಾಕು. ಅಲ್ಲದೆ 2 ಟಿಬಿಯ ಅಗ್ಗದ ಡೆಸ್ಕ್‌ಟಾಪ್ ಡಿಸ್ಕುಗಳು ಹೆಚ್ಚಾಗಿ ಎಸ್‌ಎಂಆರ್ ತಂತ್ರದವು. ಅವುಗಳಲ್ಲಿ ಪಟ್ಟಿಗಳು ಒಂದರ ಅಂಚಿನ ಮೇಲೊಂದು ಹೆಂಚಿನಂತೆ ಕೂತಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮುಂದಿನವನ್ನೂ ಮತ್ತೆ ಬರೆಯಬೇಕು, ಹಾಗಾಗಿ ದೀರ್ಘ ಬರವಣಿಗೆಯಲ್ಲಿ ವೇಗ ಸೆಕೆಂಡಿಗೆ 20–40 ಎಂಬಿಗೆ ಕುಸಿಯುತ್ತದೆ. ಬ್ಯಾಕಪ್ ಡಿಸ್ಕಿಗೆ ಇದು ಪರವಾಗಿಲ್ಲ, ಪೋರ್ಟಬಲ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ಆಗಿಯೂ ಆ ಕೆಲಸ ಮಾಡುತ್ತಿವೆ. ದಿನಬಳಕೆಯ ಡಿಸ್ಕಿಗೆ ನನಗೆ ಒಪ್ಪಿಗೆ ಇಲ್ಲ. ವಿಡಿಯೊ 800–900 ಜಿಬಿ ದಾಟಿದವರು ನೀವು ಹೇಳಿದ ಜೋಡಿಯನ್ನೇ ಹಾಕಿಕೊಳ್ಳಲಿ, ಮುಂದೆ ಫ್ಯಾನ್ ಇದ್ದರೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, 6ನೇ ಪೀಳಿಗೆಯ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಎರಡು ಮೂರು ವರ್ಷಕ್ಕೆ ಬೋರ್ಡ್ ಬದಲಾದರೂ ಈ ಎಸ್‌ಎಸ್‌ಡಿ ಅಲ್ಲಿಗೂ ಬರುತ್ತದೆ.

ಕೌಲ್‌ಬಜಾರ್_ಮನೆ

ಕಾಗದಪತ್ರ ಎಲ್ಲಾ ಪೆನ್‌ಡ್ರೈವ್, ಗೂಗಲ್ ಡ್ರೈವ್ ಎರಡಕ್ಕೂ ಹಾಕಿದೆ. 2 ಟಿಬಿ ಪೋರ್ಟಬಲ್ ಮೊದಲು, ಆಮೇಲೆ 1 ಟಿಬಿ ಎಸ್‌ಎಸ್‌ಡಿ ಅಂತ ತೀರ್ಮಾನ ಮಾಡಿದ್ವಿ. ಎಸ್‌ಎಸ್‌ಡಿ ಮನೇಲೇ ಕೂರಿಸಬಹುದಾ? ಹಳೇ ವಿಂಡೋಸ್ ಹಾಗೇ ಕ್ಲೋನ್ (ಡಿಸ್ಕಿನ ಪೂರ್ತಿ ನಕಲು) ಮಾಡೋದೋ, ಹೊಸದಾಗಿ ಹಾಕೋದೋ?

ಗಂಗಾವತಿ_ಸರ್ವಿಸ್

ಕೂರಿಸಬಹುದು, ಪ್ಲಸ್ ಸ್ಕ್ರೂಡ್ರೈವರ್ ಒಂದೇ ಸಾಕು. ಕ್ಲೋನ್ ಬ್ಯಾಡ. ಓದೋಕಾಗದ ಸೆಕ್ಟರ್ ಇರೋ ಡಿಸ್ಕನ್ನ ಕ್ಲೋನ್ ಮಾಡೋಕೆ ಹೋದ್ರೆ ಕ್ಲೋನ್‌ಜಿಲ್ಲಾದಂಥ ಸಾಫ್ಟ್‌ವೇರುಗಳು ನಡುವೆ ನಿಲ್ತಾವ, ನಡೆದ್ರೂ ಕೆಟ್ಟಿರೋ ಸಿಸ್ಟಂ ಫೈಲು ಹಂಗೇ ಬರ್ತಾವ. ಹೊಸದಾಗೇ ಹಾಕ್ರಿ. ಇದನ್ನ ಓದೋ ಬ್ಯಾರೆಯವರಿಗೆ: ಚೆಂದ ಇರೋ 500 ಜಿಬಿ ಡಿಸ್ಕನ್ನ ಕ್ಲೋನ್ ಮಾಡೋರು 480 ಜಿಬಿ ಎಸ್‌ಎಸ್‌ಡಿ ತರಬ್ಯಾಡ್ರಿ, ಅದು ಮೂಲಕ್ಕಿಂತ ಚಿಕ್ಕದು, ಕ್ಲೋನ್‌ಜಿಲ್ಲಾ ಒಪ್ಪಲ್ಲ.

ಹಾಕೋಕೆ ಮೊದ್ಲು ಸಿ ಡ್ರೈವ್‌ನಾಗ ಉಳಿದಿರೋದನ್ನ ನೆನಪು ಮಾಡ್ಕೋರಿ: ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಬ್ರೌಸರಿನ ಪಾಸ್‌ವರ್ಡ್, ಟ್ಯಾಲಿ ಇದ್ರೆ ಅದರ ಡೇಟಾ ಫೋಲ್ಡರ್. ನುಡಿ ಫಾಂಟ್ ಮರೀಬ್ಯಾಡ್ರಿ. ಹಳೇ ನುಡಿ ಫೈಲು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿನಾಗ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದಂಗ ಕಾಣ್ತೈತಿ, ಫೈಲೇ ಕೆಟ್ಟಿತು ಅಂತ ಜನ ಅಳಿಸಿಬಿಡ್ತಾರ. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನವು ಎಲ್ಲಾ ಕಾಪಿ ಮಾಡ್ಕೋರಿ.

ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗ ಉಳಿದ ಕರೆಂಟ್ ಇಳೀತೈತಿ. ಹಿಂದಿನಿಂದ ನೋಡಿದ್ರೆ ಎಡಗಡೆ ಅಲ್ಲ, ಮುಂದಿನಿಂದ ನೋಡಿದ್ರೆ ಎಡಗಡೆ ತಗಡಿನ ಎರಡು ಸ್ಕ್ರೂ ಬಿಚ್ಚಿ. ಹಳೇ ಡಿಸ್ಕಿನ ಸಾಟಾ ಡೇಟಾ ವೈರು, ಪವರ್ ವೈರು ಎರಡೂ ತೆಗೀರಿ. ಇದನ್ನ ಯಾರೂ ಹೇಳಲ್ಲ, ಇದೇ ಮುಖ್ಯ: ಹಳೇ ಡಿಸ್ಕ್ ಹಚ್ಚೇ ಇದ್ರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನ ಹಳೇದರ ಮ್ಯಾಲೇ ಬರೆದುಬಿಡಬಹುದು. ಮುಂದೆ ಹಳೇದನ್ನ ತೆಗೆದ ದಿನ ಕಂಪ್ಯೂಟರ್ ಏಳಲ್ಲ.

ಎಸ್‌ಎಸ್‌ಡಿಗೆ ಸಣ್ಣ ಎಳೆಯ ಎಂ3 ಸ್ಕ್ರೂ, 3.5 ಇಂಚಿನ ಡಿಸ್ಕಿಗೆ ದಪ್ಪ ಎಳೆಯ ಸ್ಕ್ರೂ. ಅದಲುಬದಲು ಮಾಡಿ ತಿರುವಿದ್ರೆ ಎಳೆ ಕಿತ್ತು ಹೋಗ್ತೈತಿ. ಕ್ಯಾಬಿನೆಟ್ಟಿನಾಗ 2.5 ಇಂಚಿನ ಜಾಗ ಇಲ್ಲಾಂದ್ರೆ ಬ್ರಾಕೆಟ್ ಸಿಗ್ತೈತಿ. ಎಸ್‌ಎಸ್‌ಡಿಯಾಗ ತಿರುಗೋ ಭಾಗ ಇಲ್ಲ, ಹೆಂಗ ಕೂರಿಸಿದ್ರೂ ನಡೀತೈತಿ. ಹೊಸ ಸಾಟಾ ಕೇಬಲ್ ಹಾಕ್ರಿ, ಹಳೇದರ ಸಿ7 ನೋಡಿದ್ವಲ್ಲ. ಎಲ್ ಆಕಾರ ನೋಡ್ಕೊಂಡು ನೇರ ಒತ್ತಿ. ಎಸ್‌ಎಂಪಿಎಸ್‌ನಾಗ ಸಾಟಾ ಪವರ್ ಕನೆಕ್ಟರ್ ಸಾಲದಿದ್ರೆ ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾ ಮಾಡೋ ಅಗ್ಗದ ಕನ್ವರ್ಟರ್ ಬ್ಯಾಡ. ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದ ಜಾತಿಯಾಗ ವೈರುಗಳು ಒಳಗ ತಾಗಿ ಶಾರ್ಟ್ ಆಗಿ ಸುಟ್ಟಿರೋದು ಉಂಟು. ನಿಮಗೆ ಅದು ಬೇಕಾಗಲ್ಲ, ಹಳೇ ಡಿಸ್ಕಿನ ಕನೆಕ್ಟರೇ ಖಾಲಿ ಆಗ್ತೈತಿ.

8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿ, ಕಂಪ್ಯೂಟರ್ ಯಾವುದರಿಂದ ಏಳಬೇಕು ಅಂತ ಕೇಳೋ ಬೂಟ್ ಮೆನುವಿನಾಗ ಯುಇಎಫ್‌ಐ ಅಂತ ಇರೋದನ್ನೇ ಆರಿಸ್ರಿ. ಎಲ್ಲಿ ಹಾಕಬೇಕು ಅಂತ ಕೇಳಿದಾಗ ಅನ್‌ಅಲೊಕೇಟೆಡ್ ಅಂತ ಒಂದೇ ಸಾಲು ಇರಬೇಕು. ಎರಡು ಸಾಲು ಕಂಡ್ರೆ ಯಾವುದೋ ಡಿಸ್ಕ್ ಹಚ್ಚೇ ಉಳಿದೈತಿ, ನಿಲ್ಲಿಸ್ರಿ. ವಿಂಡೋಸ್ ಎದ್ದ ಮ್ಯಾಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಾಗ ಸಿ ಡ್ರೈವನ್ನ 250 ಜಿಬಿಗೆ ಶ್ರಿಂಕ್ ಮಾಡಿ, ಉಳಿದದ್ದನ್ನ ಡಿ ಮಾಡಿ ಫೋಟೊ ಅಲ್ಲಿ ಇಡ್ರಿ. ವಿಂಡೋಸ್ ಮತ್ತೆ ಹಾಕೋ ಪ್ರಸಂಗ ಬಂದ್ರೂ ಡಿ ಮುಟ್ಟೋ ಹಂಗಿರಲ್ಲ.

ಹಳೇ ಡಿಸ್ಕನ್ನ ಫಾರ್ಮ್ಯಾಟ್ ಮಾಡಬ್ಯಾಡ್ರಿ, ಮತ್ತೆ ಒಳಗೂ ಹಚ್ಚಬ್ಯಾಡ್ರಿ. ಸ್ಟ್ಯಾಟಿಕ್ ಕರೆಂಟ್ ತಡೆಯೋ ಕವರಿನಾಗೋ ಡಬ್ಬಿಯಾಗೋ ಹಾಕಿ ಇಡ್ರಿ, ಮೂರನೇ ಪ್ರತಿ ಅಂತ.

ಕೋಟೆಬೆಟ್ಟ

ಬ್ಯಾಕಪ್ಪಿಗೆ ಫ್ರೀಫೈಲ್‌ಸಿಂಕ್ ಎಂಬ ಸಾಫ್ಟ್‌ವೇರ್ ಬಳಸುವುದಾದರೆ ಮಿರರ್ ಅಲ್ಲ, ಅಪ್‌ಡೇಟ್ ಆಯ್ಕೆ ಇಟ್ಟುಕೊಳ್ಳಿ. ಮಿರರ್ ಇಟ್ಟರೆ ಕಂಪ್ಯೂಟರಿನಲ್ಲಿ ತಪ್ಪಿ ಅಳಿಸಿದ್ದು ಎಕ್ಸ್‌ಟರ್ನಲ್‌ನಿಂದಲೂ ಅಳಿಸಿಹೋಗುತ್ತದೆ.

ಕೃಷ್ಣಾತೀರ

ಕೊಳ್ಳೋ ಮುಂಚೆ ಎರಡು ಮಾತು. ಎಕ್ಸ್‌ಟರ್ನಲ್ಲೂ ಎಸ್‌ಎಸ್‌ಡಿನೇ ತಗೋರಿ, ಬಿದ್ರೂ ಏನಾಗಲ್ಲ ಅಂತ ಅಂಗಡ್ಯಾಗ ಹೇಳಬಹುದು. ಬಿದ್ದದ್ದಕ್ಕ ಅದು ನಿಜ. ಆದ್ರ ಎಸ್‌ಎಸ್‌ಡಿಯಾಗ ಡೇಟಾ ವಿದ್ಯುತ್ ಚಾರ್ಜಿನ ರೂಪದಾಗ ಕೂತಿರ್ತದ, ಪವರ್ ಇಲ್ಲದೆ ಬಿಟ್ರ ನಿಧಾನಕ್ಕ ಸೋರ್ತದ, ಬಿಸಿಯಾಗ ಬೇಗ ಸೋರ್ತದ. ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡದಾಗ ಮನೆ ಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯುಷ್ಯ ಪೂರ್ತಿ ಮುಗಿಸಿದ ಮ್ಯಾಲೆ 30 ಡಿಗ್ರಿಯಾಗ ಒಂದು ವರ್ಷ ಡೇಟಾ ಹಿಡಿದಿಡಬೇಕು ಅಂತ ಅದ. ಹೊಸದು ಇದಕ್ಕಿಂತ ಬಹಳ ಹೆಚ್ಚು ಹಿಡೀತದ, ಖರೆ. ಆದ್ರ ನಮ್ಮ ಅಲಮಾರಿ ಬೇಸಿಗ್ಯಾಗ 30ರಾಗ ಇರಲ್ಲ. ವರ್ಷಗಟ್ಟಲೆ ಮುಟ್ಟದೆ ಇಡೋ ಪ್ರತಿಗೆ ತಿರುಗೋ ಹಾರ್ಡ್‌ಡಿಸ್ಕೇ ಇರಲಿ, ಅದನ್ನೂ ಮೂರು ತಿಂಗಳಿಗೊಮ್ಮೆ ಹಚ್ಚಿ ನಾಲ್ಕು ಫೈಲು ತೆಗೆದು ನೋಡ್ರಿ.

ಡಿಸ್ಕ್ ಮನೆಗೆ ಬಂದ ತಕ್ಷಣ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಾಗ ಪವರ್ ಆನ್ ಅವರ್ಸ್ ನೋಡ್ರಿ. ಹೊಸದಾದ್ರ ಸೊನ್ನೆ ಇಲ್ಲಾ ಒಂದೆರಡು ಇರಬೇಕು. ನೂರು, ಸಾವಿರ ಇದ್ರ ಅದು ಹಳೇ ಡಿಸ್ಕ್ ತೊಳೆದು ಕೊಟ್ಟದ್ದು, ವಾಪಸ್ ಕೊಡ್ರಿ. ಸೀರಿಯಲ್ ನಂಬರನ್ನ ಕಂಪನಿಯ ವಾರಂಟಿ ಪುಟದಾಗ ಹಾಕಿ ಕೊನೆ ದಿನಾಂಕ ಬಿಲ್ಲಿಗೆ ಹೊಂದ್ತದಾ ನೋಡ್ರಿ.

ಆಮೇಲೆ ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಒಂದು ಸಲ ಹಾಕ್ರಿ, ಎನ್‌ಟಿಎಫ್‌ಎಸ್‌ಗೆ. ವಿಂಡೋಸ್ ಪ್ರತಿ ಸೆಕ್ಟರ್ ಮ್ಯಾಲೂ ಬರೀತದ, 2 ಟಿಬಿಗೆ ಐದು ಗಂಟೆಯಷ್ಟು ಹಿಡೀತದ. ಹುಟ್ಟುದೋಷ ಇದ್ರ ಆಗಲೇ ಸಿ5 ಏರ್ತದ, ಬದಲಿ ಕೇಳೋ ದಿನಗಳೂ ಉಳಿದಿರ್ತಾವ. ಹಳೇ ಡಿಸ್ಕ್ ಅಷ್ಟು ಹೊತ್ತು ಓಡೋದು ಬ್ಯಾಡ ಅನ್ನಿಸಿದ್ರ ಈ ಫಾರ್ಮ್ಯಾಟನ್ನ ಯಾರದಾದ್ರೂ ಲ್ಯಾಪ್‌ಟಾಪಿನಾಗ ಹಾಕಿಸ್ರಿ, ಕಾಪಿಗೆ ಮಾತ್ರ ನಿಮ್ಮದಕ್ಕ ಹಚ್ಚಿ.